ಒಂದು ಅಗುಳು ನೋಡಿದರೆ ಸಾಕೇ?

2024ರ ಜೂನ್ 1. ಲೋಕಸಭಾ ಚುನಾವಣೆಯ ಕೊನೆಯ ಹಂತದ ಮತದಾನ ಅಂದು ಮುಗಿಯಿತು. ಸಂಜೆ ಟಿ.ವಿ.ಯಲ್ಲಿ ಸುದ್ದಿ ಬಂತು. ಬಿಜೆಪಿ ಮತ್ತು ಅದರ ಜೊತೆಗಾರ ಪಕ್ಷಗಳಿಗೆ 350ಕ್ಕೂ ಹೆಚ್ಚು ಸ್ಥಾನ ಸಿಗುತ್ತದೆ ಅಂತ ಹಲವು ವಾಹಿನಿಗಳು ಹೇಳಿದವು.

ನಮ್ಮೂರ ಅರಳಿಕಟ್ಟೆಯಲ್ಲೂ ಅದೇ ಮಾತು. ಒಬ್ಬರು ಹುರುಪಿನಲ್ಲಿ ಬಾಜಿ ಕಟ್ಟಿಬಿಟ್ಟರು. "350 ದಾಟದಿದ್ದರೆ ನನ್ನ ಎರಡು ಕುರಿ ನಿನಗೆ" ಅಂದರು.

ಜೂನ್ 4ರಂದು ಮತ ಎಣಿಕೆ ಆಯಿತು. ಆ ಪಕ್ಷಗಳಿಗೆ ಒಟ್ಟು 293 ಸ್ಥಾನ ಬಂದವು. ಸರ್ಕಾರ ಮಾಡಲು 272 ಸಾಕು. ಸರ್ಕಾರವೇನೋ ಆಯಿತು. ಆದರೆ ಕುರಿಗಳು ಹಟ್ಟಿಯಿಂದ ಹೋದವು.

ಮಾರನೆಯ ದಿನ ಅವರ ಹೆಂಡತಿ ಕಲಿಕಾ ಕೇಂದ್ರಕ್ಕೆ ಬಂದರು. "ಮೇಷ್ಟ್ರೇ, ಕುರಿ ಸಾಕಿದೋಳು ನಾನು. ಬಾಜಿ ಕಟ್ಟಿದೋರು ಅವರು. ಟೀವಿಯೋರು ಸುಳ್ಳು ಹೇಳ್ತಾರಾ?" ಎಂದು ಕೇಳಿದರು.

ಸುಳ್ಳು ಅನ್ನುವಂತಿಲ್ಲ, ತಾಯೀ. ಅದು ಅಂದಾಜು. ಅಂದಾಜನ್ನೇ ಫಲಿತಾಂಶ ಅಂದುಕೊಂಡರೆ ತಪ್ಪು ನಮ್ಮದು.

ಮತಗಟ್ಟೆ ಸಮೀಕ್ಷೆ ಎಂದರೇನು?

ಮತ ಹಾಕಿ ಹೊರಬಂದವರನ್ನು ಕೆಲವರು ಮಾತನಾಡಿಸುತ್ತಾರೆ. "ಯಾರಿಗೆ ಮತ ಹಾಕಿದಿರಿ?" ಎಂದು ಕೇಳುತ್ತಾರೆ. ಹೀಗೆ ಅನೇಕ ಊರುಗಳಲ್ಲಿ ಕೇಳಿ ಲೆಕ್ಕ ಹಾಕುತ್ತಾರೆ. ಇದೇ ಮತಗಟ್ಟೆ ಸಮೀಕ್ಷೆ. ಟಿ.ವಿ.ಯವರು ಇದನ್ನು 'ಎಕ್ಸಿಟ್ ಪೋಲ್' ಅನ್ನುತ್ತಾರೆ.

ಎಲ್ಲರನ್ನೂ ಕೇಳಲು ಆಗುವುದಿಲ್ಲ. ಕೆಲವರನ್ನು ಕೇಳಿ ಎಲ್ಲರ ಮನಸ್ಸನ್ನು ಅಂದಾಜು ಮಾಡುತ್ತಾರೆ. ಅನ್ನ ಬೆಂದಿದೆಯೇ ಎಂದು ನೀವು ಹೇಗೆ ನೋಡುತ್ತೀರಿ? ಒಂದು ಅಗುಳು ಹಿಸುಕುತ್ತೀರಿ. ಇದೂ ಹಾಗೆಯೇ.

ಆದರೆ ಮದುವೆ ಮನೆಯ ಹಂಡೆಯನ್ನು ನೆನೆಸಿಕೊಳ್ಳಿ. ತಳದಲ್ಲಿ ಸೀದಿರುತ್ತದೆ. ಮೇಲೆ ಇನ್ನೂ ಅಕ್ಕಿಯೇ ಇರುತ್ತದೆ. ಅಲ್ಲಿ ಒಂದು ಅಗುಳು ಸಾಲದು. ತಳ, ನಡು, ಮೇಲು ಎಲ್ಲ ಕಡೆಯಿಂದಲೂ ತೆಗೆದು ನೋಡಬೇಕು. ನಮ್ಮ ದೇಶ ಅಂಥ ದೊಡ್ಡ ಹಂಡೆ.

ಎಲ್ಲಿ ತಪ್ಪುತ್ತದೆ?

ಒಂದು: ಕೇಳುವ ಜನರ ಆಯ್ಕೆ. ರಸ್ತೆ ಪಕ್ಕದ ಊರಿನವರನ್ನೇ ಕೇಳಿದರೆ ಕಾಡಂಚಿನ ಹಟ್ಟಿಯವರ ಮಾತು ಸೇರುವುದಿಲ್ಲ. ಗಂಡಸರನ್ನೇ ಹೆಚ್ಚು ಕೇಳಿದರೆ ಹೆಂಗಸರ ಮನಸ್ಸು ತಿಳಿಯುವುದಿಲ್ಲ.

ಎರಡು: ಉತ್ತರ. ಕೆಲವರು ಹೇಳಲು ಒಪ್ಪುವುದಿಲ್ಲ. ಕೆಲವರು ಹೆದರಿ ಬೇರೆ ಹೆಸರು ಹೇಳುತ್ತಾರೆ. ಪಕ್ಕದಲ್ಲಿ ಊರ ಯಜಮಾನರು ನಿಂತಿದ್ದರೆ ನಿಜ ಹೇಳಲು ಎಷ್ಟು ಜನರಿಗೆ ಧೈರ್ಯ ಬಂದೀತು?

ಮೂರು: ಮತ ಬೇರೆ, ಸ್ಥಾನ ಬೇರೆ. ಮೂರು ಕ್ಷೇತ್ರಗಳಿವೆ ಎಂದುಕೊಳ್ಳಿ. ಒಂದೊಂದರಲ್ಲೂ 100 ಮತ. ಮೊದಲ ಕ್ಷೇತ್ರದಲ್ಲಿ ಕೆಂಪು ಪಕ್ಷಕ್ಕೆ 90, ಹಸಿರು ಪಕ್ಷಕ್ಕೆ 10. ಉಳಿದ ಎರಡರಲ್ಲೂ ಕೆಂಪಿಗೆ 45, ಹಸಿರಿಗೆ 55. ಒಟ್ಟು ಕೂಡಿಸಿ ನೋಡಿ. ಕೆಂಪಿಗೆ 180 ಮತ, ಹಸಿರಿಗೆ 120. ಆದರೆ ಹಸಿರು ಪಕ್ಷ ಎರಡು ಕಡೆ ಗೆದ್ದಿತು. ಕೆಂಪು ಪಕ್ಷ ಒಂದೇ ಕಡೆ!

ನಮ್ಮ ರಾಜ್ಯದಲ್ಲೇ ಇಂಥದು ನಡೆದಿದೆ. 2018ರ ಮೇ ತಿಂಗಳಲ್ಲಿ ವಿಧಾನಸಭೆಯ 222 ಕ್ಷೇತ್ರಗಳ ಫಲಿತಾಂಶ ಬಂತು. ಕಾಂಗ್ರೆಸ್‌ಗೆ ನೂರಕ್ಕೆ ಸುಮಾರು 38 ಮತ, ಬಿಜೆಪಿಗೆ ಸುಮಾರು 36. ಆದರೆ ಸ್ಥಾನ ಬಿಜೆಪಿಗೆ 104, ಕಾಂಗ್ರೆಸ್‌ಗೆ 78. ಮತ ಸರಿಯಾಗಿ ಅಂದಾಜು ಮಾಡಿದರೂ ಸ್ಥಾನ ಹೇಳುವುದು ಕಷ್ಟ.

ಹಾಗಾದರೆ ಸಮೀಕ್ಷೆ ಯಾವಾಗಲೂ ತಪ್ಪೇ? ಇಲ್ಲ. 2014 ಮತ್ತು 2019ರ ಲೋಕಸಭಾ ಚುನಾವಣೆಗಳಲ್ಲಿ ಯಾರು ಮುಂದಿರುತ್ತಾರೆ ಎಂದು ಹೆಚ್ಚಿನ ಸಮೀಕ್ಷೆಗಳು ಸರಿಯಾಗಿಯೇ ಹೇಳಿದ್ದವು. 2004ರಲ್ಲಿ ತಪ್ಪಿದವು. ಆಗಿನ ಸರ್ಕಾರದ ಪಕ್ಷಗಳೇ ಮುಂದಿರುತ್ತವೆ ಎಂದಿದ್ದವು. ಕಾಂಗ್ರೆಸ್‌ಗೆ 145, ಬಿಜೆಪಿಗೆ 138 ಸ್ಥಾನ ಬಂದವು. ಸರ್ಕಾರವೇ ಬದಲಾಯಿತು. 2024ರ ಅಕ್ಟೋಬರ್‌ನಲ್ಲಿ ಹರಿಯಾಣದಲ್ಲಿ ಕಾಂಗ್ರೆಸ್ ಗೆಲ್ಲುತ್ತದೆ ಎಂದಿದ್ದವು. ಗೆದ್ದದ್ದು ಬಿಜೆಪಿ.

ಕಾನೂನು ಏನು ಹೇಳುತ್ತದೆ?

ಎಲ್ಲ ಕಡೆ ಮತದಾನ ಮುಗಿಯುವ ತನಕ ಈ ಸಮೀಕ್ಷೆಯನ್ನು ಪ್ರಕಟಿಸುವಂತಿಲ್ಲ. ಮುಗಿದು ಅರ್ಧ ಗಂಟೆ ಕಳೆಯಬೇಕು. ತಪ್ಪಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೆ ದಂಡ, ಇಲ್ಲವೆ ಎರಡೂ. 2024ರಲ್ಲಿ ನಮ್ಮ ರಾಜ್ಯದ ಮತದಾನ ಏಪ್ರಿಲ್ 26 ಮತ್ತು ಮೇ 7ರಂದೇ ಮುಗಿದಿತ್ತು. ಆದರೂ ಜೂನ್ 1ರ ಸಂಜೆ ತನಕ ಕಾಯಬೇಕಾಯಿತು. ಏಕೆ? ಗೆಲ್ಲುವವರು ಇವರೇ ಎಂದು ಮೊದಲೇ ಸಾರಿದರೆ, ಇನ್ನೂ ಮತ ಹಾಕದವರ ಮನಸ್ಸು ಅತ್ತಿತ್ತ ಆಗಬಹುದು.

ನಿಮ್ಮ ಮತ, ನಿಮ್ಮ ಗುಟ್ಟು

ಸಮೀಕ್ಷೆಯವರು ನಿಮ್ಮನ್ನೂ ಕೇಳಬಹುದು. ಇಷ್ಟವಿದ್ದರೆ ಹೇಳಿ. ಇಷ್ಟವಿಲ್ಲದಿದ್ದರೆ "ಹೇಳೋದಿಲ್ಲಪ್ಪ" ಅನ್ನಿ. ಯಾರೂ ಬಲವಂತ ಮಾಡುವಂತಿಲ್ಲ. ಗಂಡನಾಗಲಿ, ಯಜಮಾನರಾಗಲಿ, ಪಕ್ಷದವರಾಗಲಿ, ಯಾರಿಗೂ ನೀವು ಲೆಕ್ಕ ಒಪ್ಪಿಸಬೇಕಾಗಿಲ್ಲ.

ಸಮೀಕ್ಷೆ ಕೇಳಿ, ಮಾತಾಡಿ, ನಗಿ. ಆದರೆ ಅದನ್ನು ನಂಬಿ ದುಡ್ಡು, ಕುರಿ, ಹೊಲ ಪಣಕ್ಕಿಡಬೇಡಿ. ಅಂದಾಜಿನಿಂದ ಯಾರೂ ಗೆಲ್ಲುವುದಿಲ್ಲ. ಎಣಿಸಿದ ಮತದಿಂದ ಗೆಲ್ಲುತ್ತಾರೆ. ಅದರಲ್ಲಿ ನಿಮ್ಮದೂ ಒಂದು.

ಇಷ್ಟು ಕೇಳಿ ಆ ತಾಯಿ ನಕ್ಕರು. "ಹಂಗಾದ್ರೆ ಮುಂದಿನ ಸಲ ಎಣಿಕೆ ಮುಗಿಯೋ ಗಂಟ ಕುರಿ ಹಟ್ಟೀಲೇ ಇರಲಿ. ಎಣಿಕೆ ಆದಮೇಲೂ ಅಲ್ಲೇ ಇರಲಿ" ಅಂದರು.