ಹಟ ಹಿಡಿದ ಬೋಲ್ಟು

ಮೋಟಾರು ಬಂಡಿಯನ್ನು ತಾವೇ ದುರಸ್ತು ಮಾಡಿಕೊಳ್ಳುವ ಗೃಹಸ್ಥರಿಗೆ ಅತ್ಯಂತ ಬೇಸರವನ್ನುಂಟುಮಾಡತಕ್ಕ ಕೆಲಸ ಯಾವುದು? ಕೈಗೆಟುಕದ ಮೂಲೆಯಲ್ಲಿ ತುಕ್ಕು ಹಿಡಿದು ಕುಳಿತ ಬೋಲ್ಟೊಂದನ್ನು ತೆಗೆಯುವುದೇ ಎಂದು ಅನುಭವಸ್ಥರೆಲ್ಲರೂ ಒಪ್ಪುವರು.

ಕೆಲವು ಕಾಲದ ಹಿಂದೆ ನಮ್ಮ ಹಳೆಯ ಜೀಪಿನ ಗೇರುಪೆಟ್ಟಿಗೆಯನ್ನು ಇಳಿಸಬೇಕಾಗಿ ಬಂದಿತು. ಅದನ್ನು ಹೊತ್ತ ಅಡ್ಡಪಟ್ಟಿಯು ಬಂಡಿಯ ಉಕ್ಕಿನ ಚೌಕಟ್ಟಿಗೆ ನಾಲ್ಕು ಬೋಲ್ಟುಗಳಿಂದ ಬಿಗಿಯಲ್ಪಟ್ಟಿದ್ದಿತು. ಮೂರು ಸುಲಭವಾಗಿ ಬಂದವು. ನಾಲ್ಕನೆಯದು ಹೊಗೆಕೊಳವೆಯ ಮರೆಯಲ್ಲಿದ್ದಿತು. ನಾವು ತಾಳ್ಮೆಗೆಟ್ಟು, ಸ್ಪ್ಯಾನರಿನ ಹಿಡಿಗೆ ಉದ್ದನೆಯ ಕೊಳವೆಯನ್ನು ತೊಡಿಸಿ ಬಲವಾಗಿ ಎಳೆದೆವು. ಬೋಲ್ಟು ಕದಲಲಿಲ್ಲ, ಜಾಕಿನ ಮೇಲಿದ್ದ ಬಂಡಿಯೇ ಓಲಾಡಿತು. ಅದರ ಕೆಳಗೆ ಮಲಗಿದ್ದವರು ನಾವೇ! ಅಂದು ಕಲಿತ ಪಾಠವನ್ನು ವಾಚಕರ ಮುಂದಿಡುತ್ತೇವೆ.

ಮೊದಲನೆಯದು ಪ್ರಾಣರಕ್ಷಣೆ. ಜಾಕು ಬಂಡಿಯನ್ನು ಎತ್ತುವುದಕ್ಕೆ ಮಾತ್ರವೇ ಹೊರತು ಹೊತ್ತು ನಿಲ್ಲುವುದಕ್ಕಲ್ಲ. ಸಮನಾದ ಗಟ್ಟಿ ನೆಲದಲ್ಲಿ ಚಕ್ರಗಳಿಗೆ ಅಡೆಗೊಟ್ಟು, ಚೌಕಟ್ಟಿನ ಕೆಳಗೆ ಉಕ್ಕಿನ ಆಸರೆಗಾಲುಗಳನ್ನು ನಿಲ್ಲಿಸಿ, ಬಂಡಿಯನ್ನು ಹೊರಗಿನಿಂದ ಅಲುಗಿಸಿ ನೋಡಿದ ಮೇಲೆಯೇ ಕೆಳಗೆ ನುಸುಳತಕ್ಕುದು. ಇಟ್ಟಿಗೆಗಳನ್ನು ಎಂದಿಗೂ ನಂಬಕೂಡದು. ಅವು ಭಾರಕ್ಕೆ ಒಮ್ಮೆಲೇ ಸೀಳುವುವು.

ಎರಡನೆಯದು ಕಾಲಾವಕಾಶ. ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ಬೋಲ್ಟು ನಟ್ಟುಗಳ ನಡುವಣ ಸಣ್ಣ ಸಂದು ಇದರಿಂದ ಬೆಣೆ ಹೊಡೆದಂತೆ ಬಿಗಿಯುವುದು. ತಂತಿಯ ಬ್ರಷಿನಿಂದ ತುಕ್ಕನ್ನು ಉಜ್ಜಿ, ಸಂದುಗಳಿಗೆ ಇಳಿಯುವ ತೆಳುವಾದ ಎಣ್ಣೆಯನ್ನು ನಟ್ಟಿನ ಕಡೆಯಿಂದ ಹಾಕಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಒಂದು ರಾತ್ರಿ ಬಿಡಬೇಕು.

ಮೂರನೆಯದು ದಾರಿ. ಅಡ್ಡವಾಗಿರುವುದನ್ನು ಮೊದಲು ಬಿಚ್ಚಬೇಕು. ಆಗ ಉದ್ದನೆಯ ಸಲಾಕೆಯ ತುದಿಗೆ ಆರು ಮೂಲೆಗಳ ಸಾಕೆಟ್ಟನ್ನು ಸಿಕ್ಕಿಸಿ, ದೂರದಿಂದಲೇ ತಿರುಗಿಸಬಹುದು. ಹನ್ನೆರಡು ಮೂಲೆಗಳ ಸಾಕೆಟ್ಟು ಬೇಗನೆ ಜಾರಿ ತಲೆಯನ್ನು ಉರುಟಾಗಿಸುವುದು. ಇನ್ನೊಂದು ಸ್ಪ್ಯಾನರಿನಿಂದ ನಟ್ಟನ್ನು ಹಿಡಿದಿರಬೇಕು. ಮೊದಲು ಕೂದಲೆಳೆಯಷ್ಟು ಬಿಗಿಮಾಡಿ, ತುಕ್ಕಿನ ಹಿಡಿತ ಒಡೆದ ಬಳಿಕ ಸಡಿಲಿಸತಕ್ಕುದು. ತಲೆಕೆಳಗಾಗಿ ಮಲಗಿದವನಿಗೆ ಎಡಬಲಗಳ ಭ್ರಾಂತಿಯುಂಟಾಗುವುದು ಸಹಜ. ಬೋಲ್ಟಿನ ತಲೆಯನ್ನು ಎದುರಿನಿಂದ ನೋಡುತ್ತಿರುವಂತೆ ಭಾವಿಸಿ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕು.

ಇದಕ್ಕೂ ಬಗ್ಗದಿದ್ದರೆ ಶಾಖವೊಂದುಂಟು. 10 ಮಿಲಿಮೀಟರು ಒಳ ಅಗಲದ ಉಕ್ಕಿನ ನಟ್ಟನ್ನು 200 ಡಿಗ್ರಿಯಷ್ಟು ಬಿಸಿ ಏರಿಸಿದರೆ ಅದರ ರಂಧ್ರವು ಮಿಲಿಮೀಟರಿನ ಸುಮಾರು 40ನೆಯ ಒಂದು ಭಾಗ ಹಿಗ್ಗುವುದು. ಇಷ್ಟೇ ಹಲವು ಸಲ ಸಾಕಾಗುತ್ತದೆ. ಆದರೆ ಪೆಟ್ರೋಲು ತೊಟ್ಟಿ, ಕೊಳವೆ, ಎಣ್ಣೆ ಸೋಕಿದ ಸ್ಥಳ ಇವುಗಳ ಬಳಿ ಬೆಂಕಿಯು ಮೃತ್ಯುಸಮಾನ. ಈ ಕೆಲಸವನ್ನು ಕಾರ್ಖಾನೆಯವರಿಗೇ ಒಪ್ಪಿಸುವುದು ವಿಹಿತ.

ತೆಗೆದ ಬೋಲ್ಟು ಸವೆದಿದ್ದರೆ, ಅದೇ ಅಳತೆಯ, ಅದೇ ಬಲದ ಹೊಸದನ್ನು ಹಾಕಬೇಕು. ತಲೆಯ ಮೇಲಿನ 8.8, 10.9 ಎಂಬ ಅಂಕಿಗಳೇ ಬಲದ ಗುರುತು; ಅಂಕಿ ಹೆಚ್ಚಿದಷ್ಟೂ ಬಲ ಹೆಚ್ಚು. ಚೌಕಟ್ಟಿನ ಬೋಲ್ಟಿನಲ್ಲಿ ಮಿತವ್ಯಯ ಸಲ್ಲದು.

ನಮ್ಮ ನಾಲ್ಕನೆಯ ಬೋಲ್ಟು ಮೂರನೆಯ ದಿನ, ಹೊಗೆಕೊಳವೆಯನ್ನು ಬಿಚ್ಚಿದ ಮೇಲೆ, ಒಂದೇ ಕೈಯ ಬಲಕ್ಕೆ ಕಿರ್ರೆಂದು ಸಡಿಲಿತು. ಮೊದಲ ದಿನ ನಾವು ಎಳೆದ ಬಲದ ಅರ್ಧವೂ ಬೇಕಾಗಲಿಲ್ಲ.