ವೈರಸ್ಸಿಗಿಂತ ಮೊದಲು ಬರುವ ಆತಂಕಕ್ಕೆ ಮದ್ದೇನು?

2025ರ ಜನವರಿ 6ರಂದು ಬೆಂಗಳೂರಿನಲ್ಲಿ ಎರಡು ಕೂಸುಗಳಿಗೆ ಎಚ್‌ಎಂಪಿವಿ ಸೋಂಕು ತಗುಲಿದೆ ಅಂತ ಸುದ್ದಿ ಬಂತು. ನಮ್ಮ ಹೊಸಪೇಟೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ: ಮತ್ತೆ ಲಾಕ್‌ಡೌನಾ? ಎಚ್‌ಎಂಪಿವಿ 2001ರಲ್ಲೇ ಗುರುತಿಸಲಾದ ವೈರಸ್. ಬಹುತೇಕರಿಗೆ ನೆಗಡಿ, ಕೆಮ್ಮಾಗಿ ಬಂದು ಹೋಗುತ್ತೆ. ಆದರೂ ಜನ ಹೆದರಿದರು. ಅದನ್ನ ನೋಡಿ ನಗೋದು ಸುಲಭ. ಆದರೆ ಆ ಭಯಕ್ಕೊಂದು ಇತಿಹಾಸ ಇದೆ. ಅದು ಬರೀ ಮನಸ್ಸಿನ ದೌರ್ಬಲ್ಯ ಅಲ್ಲ ಅನ್ನೋದು ನನ್ನ ವಾದ.

2020ರ ಮಾರ್ಚ್ ನೆನಪಿಸಿಕೊಳ್ಳಿ. 17ರಿಂದ ಹಂಪಿಯ ಸ್ಮಾರಕಗಳಿಗೆ ಬೀಗ ಬಿತ್ತು. ಆಗಿನ್ನೂ ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ಒಂದೂ ಪ್ರಕರಣ ಪತ್ತೆಯಾಗಿರಲಿಲ್ಲ. ಜಿಲ್ಲೆಯ ಮೊದಲ ಸೋಂಕಿತರು ಹೊಸಪೇಟೆಯಲ್ಲಿ ಪತ್ತೆಯಾಗಿದ್ದು ತಿಂಗಳ ಕೊನೆಗೆ. ಅಂದರೆ ಹಂಪಿಯ ಗೈಡುಗಳಿಗೆ, ಆಟೋದವರಿಗೆ, ಹರಿಗೋಲು ಹಾಕುವವರಿಗೆ ವೈರಸ್ಸಿಗಿಂತ ಮೊದಲೇ ಆತಂಕ ಬಂದು ಕೂತಿತ್ತು. ಕಂಪ್ಲಿಯ ಬಾಳೆ ಬೆಳೆಗಾರರಿಗೆ, ಗೊನೆ ಕಡಿದರೆ ಕೊಳ್ಳೋರು ಯಾರು ಅನ್ನೋ ಚಿಂತೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕು ಕಾರ್ಖಾನೆಯ ನೂರಾರು ಜನರಿಗೆ ಸೋಂಕು ತಗುಲಿದ್ದು ಜೂನ್‌ನಲ್ಲಿ. ಅಲ್ಲಿಯ ಕಾರ್ಮಿಕರಿಗೆ ಕೆಲಸಕ್ಕೆ ಹೋದರೂ ಭಯ, ಬಿಟ್ಟರೂ ಭಯ. ವೈರಸ್ ಒಂದೇ, ಆತಂಕ ಮಾತ್ರ ಒಬ್ಬೊಬ್ಬರಿಗೆ ಒಂದೊಂದು.

ದೇಹದಲ್ಲಿ ಏನಾಗುತ್ತೆ?

ಅಪಾಯ ಕಂಡಾಗ ಮೆದುಳು ದೇಹವನ್ನು ಓಡೋಕೆ ಇಲ್ಲವೇ ಹೋರಾಡೋಕೆ ಸಜ್ಜು ಮಾಡುತ್ತೆ. ಅಡ್ರಿನಲಿನ್ ಹರಿಯುತ್ತೆ, ಎದೆ ಡವಗುಟ್ಟುತ್ತೆ, ಉಸಿರು ಜೋರಾಗುತ್ತೆ. ಎದುರಿಗೆ ಕರಡಿ ಇದ್ದರೆ ಇದು ಉಪಯೋಗಕ್ಕೆ ಬರುತ್ತೆ. ವೈರಸ್ ಕಣ್ಣಿಗೆ ಕಾಣಲ್ಲ, ಹಾಗಾಗಿ ಓಡೋಕೂ ಜಾಗ ಇಲ್ಲ. ಮೇಲಾಗಿ ಕೋವಿಡ್ ಸೋಂಕು ತಗುಲಿ ಲಕ್ಷಣ ಕಾಣಿಸಿಕೊಳ್ಳೋಕೆ 14 ದಿನದವರೆಗೂ ಹಿಡಿಯಬಹುದಿತ್ತು. ಅಷ್ಟೂ ದಿನ 'ನನಗೂ ಬಂದಿರಬಹುದಾ' ಅನ್ನೋ ಅನುಮಾನ. ಆತಂಕದಿಂದಲೇ ಎದೆ ಬಿಗಿಯುತ್ತೆ, ಉಸಿರು ಸಾಲದು ಅನಿಸುತ್ತೆ. ಅದನ್ನೇ ಕಾಯಿಲೆ ಅಂದುಕೊಂಡು ಇನ್ನಷ್ಟು ಹೆದರ್ತೀವಿ. ನಾನೂ ಆಗ ದಿನಕ್ಕೆ ನಾಲ್ಕೈದು ಸಲ ಹಣೆ ಮುಟ್ಟಿ ನೋಡಿಕೊಳ್ತಿದ್ದೆ.

ಭಯ ಬೆಳೆಸಿದವರು ಯಾರು?

ಸರ್ಕಾರ ವಿದೇಶದಿಂದ ಬಂದು ಮನೆಯಲ್ಲೇ ಕ್ವಾರಂಟೈನ್ ಆದವರ ವಿಳಾಸಗಳ ಪಟ್ಟಿಯನ್ನೇ ಬಹಿರಂಗ ಮಾಡಿತು. ಕೈಗೆ ಮುದ್ರೆ ಒತ್ತಿತು, ಗಂಟೆಗೊಮ್ಮೆ ಸೆಲ್ಫಿ ಕಳಿಸಿ ಅಂತ ಆದೇಶ ಹೊರಡಿಸಿತು. ಎಚ್ಚರಿಕೆಯ ಹೆಸರಲ್ಲಿ ಮಾಡಿದ ಇದರಿಂದ ಕಾಯಿಲೆ ಒಂದು ಅಪರಾಧದ ಹಾಗೆ ಕಾಣಿಸತೊಡಗಿತು. ಅಪರಾಧ ಅಂದಮೇಲೆ ಜನ ಮುಚ್ಚಿಡ್ತಾರೆ.

ಏಪ್ರಿಲ್ ಹೊತ್ತಿಗೆ ಆ ಭಯಕ್ಕೆ ಒಂದು ಗುರಿಯೂ ಸಿಕ್ಕಿತು. ದೆಹಲಿಯ ತಬ್ಲೀಗಿ ಸಭೆಯ ನೆಪದಲ್ಲಿ ಕೆಲವು ಟಿವಿ ಚಾನೆಲ್‌ಗಳು ಇಡೀ ಮುಸ್ಲಿಂ ಸಮುದಾಯವನ್ನೇ ಕಟಕಟೆಗೆ ತಂದವು. ಒಂದು ಬಿಡಿ ಘಟನೆಗಾಗಿ ಸಮುದಾಯವನ್ನು ದೂಷಿಸಬೇಡಿ ಅಂತ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರೇ ಎಚ್ಚರಿಸಬೇಕಾಯಿತು. ಕಾಣದ ವೈರಸ್ಸಿಗಿಂತ ಕಾಣುವ ನೆರೆಯವರ ಮೇಲೆ ಸಿಟ್ಟಾಗೋದು ಮನಸ್ಸಿಗೆ ಸುಲಭ. ದ್ವೇಷದ ವ್ಯಾಪಾರ ನಡೆಯೋದೇ ಈ ಸುಲಭದ ಮೇಲೆ.

ಜೂನ್ ಕೊನೆಗೆ ಬಳ್ಳಾರಿಯಲ್ಲಿ ಕೋವಿಡ್‌ನಿಂದ ಸತ್ತವರ ದೇಹಗಳನ್ನು ಗುಂಡಿಗೆ ಎಸೆಯುವ ವಿಡಿಯೋ ದೇಶವೆಲ್ಲ ಓಡಾಡಿತು. ಜಿಲ್ಲಾಡಳಿತ ಕ್ಷಮೆ ಕೇಳಿತು. ಆದರೆ ಆ ವಿಡಿಯೋ ನೋಡಿದವರಿಗೆ ಸಾವಿಗಿಂತ ಹೆಚ್ಚಾಗಿ ಅನಾಥವಾಗಿ ಸಾಯುವ ಭಯ ಹಿಡಿಯಿತು.

ದೇಶಕ್ಕೆ ದಾರಿ ತೋರಿಸಿದ ಜಿಲ್ಲೆ

ನಮ್ಮಲ್ಲೇ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಒಂದಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಇದೇ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಹಳ್ಳಿ ಮಟ್ಟದಲ್ಲೇ ಚಿಕಿತ್ಸೆ ಸಿಗೋ ಹಾಗೆ ಮಾಡಿತು. 'ಬಳ್ಳಾರಿ ಮಾದರಿ' ಅಂತಲೇ ಅದಕ್ಕೆ ಹೆಸರು. 1996ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಬುನಾದಿ. ಮನಸ್ಸಿನ ಕಾಯಿಲೆ ಶ್ರೀಮಂತರ ಖಯಾಲಿ ಅಲ್ಲ, ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಮದ್ದು ಸಿಗಬೇಕು ಅಂತ ದೇಶಕ್ಕೆ ತೋರಿಸಿದ್ದು ನಮ್ಮ ನೆಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಇದನ್ನು ಹಕ್ಕು ಅಂತಲೇ ಒಪ್ಪಿಕೊಂಡಿದೆ.

ಹಾಗಾದರೆ ನಾವೇನು ಮಾಡೋದು?

ಮೊದಲ ದಿನಗಳಲ್ಲಿ ಸುದ್ದಿಗೆ ಹೊತ್ತು ಗೊತ್ತು ಮಾಡಿಕೊಳ್ಳಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಆರೋಗ್ಯ ಇಲಾಖೆಯ ಮಾಹಿತಿ ನೋಡಿದರೆ ಸಾಕು. ಮೂಲ ಇಲ್ಲದ ಆಡಿಯೋ, ವಿಡಿಯೋ ಮುಂದಕ್ಕೆ ಕಳಿಸಬೇಡಿ. ಎದೆ ಬಿಗಿದಾಗ ನಿಧಾನ ಉಸಿರೆಳೆದು, ಅದಕ್ಕಿಂತ ನಿಧಾನ ಬಿಡಿ. ಕೆಲವು ನಿಮಿಷದಲ್ಲಿ ಹಗುರಾದರೆ ಅದು ಆತಂಕವೇ ಇರಬಹುದು. ಜ್ವರ ಬಂದರೆ ಅಥವಾ ಉಸಿರಾಟದ ತೊಂದರೆ ನಿಲ್ಲದಿದ್ದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ದೈಹಿಕ ಅಂತರ ಇರಲಿ, ಮಾತು ಬಿಡಬೇಡಿ: ಒಂಟಿಯಾಗಿರೋ ಅಜ್ಜ ಅಜ್ಜಿಗೆ ದಿನಕ್ಕೊಂದು ಫೋನ್ ಮಾಡಿ. ವಾರಗಟ್ಟಲೆ ನಿದ್ದೆ ಬರದೆ, ಕೆಲಸಕ್ಕೂ ಮನಸ್ಸಿಲ್ಲ ಅಂದ್ರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡ್ತಾರೆ.

ಆದರೆ 'ಧೈರ್ಯವಾಗಿರಿ' ಅನ್ನೋ ಉಪದೇಶದಿಂದ ಗೈಡುಗಳ ಮನೆಯ ಒಲೆ ಉರಿಯಲ್ಲ. ಸರಿಯಾದ ಮಾಹಿತಿ, ಕೂಲಿ ನಿಂತಾಗ ರೇಷನ್ನು ಮತ್ತು ಪರಿಹಾರ, ಸೋಂಕಿತರ ಗೌಪ್ಯತೆ, ಸತ್ತವರಿಗೆ ಮರ್ಯಾದೆ, ಮನೆ ಮನೆ ಅಲೆಯುವ ಆಶಾ ಕಾರ್ಯಕರ್ತೆಯರಿಗೆ ನ್ಯಾಯದ ಸಂಬಳ. ಇವೂ ಆತಂಕಕ್ಕೆ ಮದ್ದೇ. ಇವನ್ನು ಕೇಳೋಕೆ ಮುಂದಿನ ವೈರಸ್ ಬರೋವರೆಗೂ ಕಾಯಬೇಕಿಲ್ಲ. ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮನಸ್ಸಿನ ಕಾಯಿಲೆಗೆ ಔಷಧಿ ಇದೆಯಾ, ನೋಡೋಕೆ ಯಾರು, ಯಾವ ದಿನ ಬರ್ತಾರೆ? ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಇಷ್ಟು ಕೇಳಿ.