ಮೈಸೂರು ರಾಜ್ಯದ ಹಾಕಿ ನಾಯಕಿ ಎಲ್ವೆರಾ ಬ್ರಿಟೋ

ಹಾಕಿ ಎಂದೊಡನೆ ಕನ್ನಡಿಗರ ನೆನಪಿಗೆ ಮೊದಲು ಬರುವುದು ಧ್ಯಾನಚಂದರ ಹೆಸರು. ಒಂದು ಕಾಲದಲ್ಲಿ ಮೈಸೂರು ರಾಜ್ಯದ ಹೆಣ್ಣುಮಕ್ಕಳು ದೇಶದ ಮಹಿಳಾ ಹಾಕಿಯಲ್ಲಿ ಅಗ್ರಸ್ಥಾನ ಪಡೆದಿದ್ದರೆಂಬ ಸಂಗತಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಆ ತಂಡದ ನಾಯಕಿ ಬೆಂಗಳೂರಿನ ಎಲ್ವೆರಾ ಬ್ರಿಟೋ.

1960 ರಿಂದ 1967 ರವರೆಗಿನ ಅವಧಿಯಲ್ಲಿ ಮೈಸೂರು ತಂಡವು ಏಳು ಬಾರಿ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. ಎಲ್ವೆರಾ ಅವರೊಡನೆ ಅವರ ಸೋದರಿಯರಾದ ರೀಟಾ ಮತ್ತು ಮೇ ಸಹ ಅದೇ ತಂಡದಲ್ಲಿ ಆಡುತ್ತಿದ್ದರು. ಒಂದೇ ಮನೆಯ ಮೂವರು ಒಂದೇ ತಂಡದ ಬಲವಾಗುವುದು ಕ್ರೀಡಾ ಇತಿಹಾಸದಲ್ಲಿ ಅಪರೂಪ.

ಅಂದಿನ ಆಟದ ಸ್ವರೂಪವನ್ನು ಇಲ್ಲಿ ತಿಳಿಯುವುದು ಉಚಿತ. ಇಂದಿನಂತೆ ನುಣುಪಾದ ಕೃತಕ ಹಾಸು ಆಗ ಇರಲಿಲ್ಲ. ಒಲಿಂಪಿಕ್ಸ್‌ಗೆ ಅದು ಬಂದದ್ದೇ 1976 ರಲ್ಲಿ. ಹುಲ್ಲಿನ ನೆಲದಲ್ಲಿ ಚೆಂಡು ಎಲ್ಲಿ ಪುಟಿಯುವುದೋ, ಎಲ್ಲಿ ತಡೆಯುವುದೋ ಹೇಳಬರುತ್ತಿರಲಿಲ್ಲ. ಕೋಲಿನ ಚಪ್ಪಟೆ ಮುಖದಿಂದ ಮಾತ್ರವೇ ಚೆಂಡನ್ನು ಮುಟ್ಟಬೇಕು, ಗೋಲು ಹೊಡೆಯುವುದಾದರೆ ಎದುರಾಳಿಯ ವೃತ್ತದೊಳಗಿನಿಂದಲೇ ಹೊಡೆಯಬೇಕು. ಆದುದರಿಂದ ಓಟದ ವೇಗಕ್ಕಿಂತಲೂ ಮಣಿಕಟ್ಟಿನ ಹದವೇ ಅಂದು ಹೆಚ್ಚು ಬೆಲೆಯುಳ್ಳದ್ದಾಗಿತ್ತು.

ಎಲ್ವೆರಾ ಅವರು ಭಾರತದ ಪರವಾಗಿ ಆಸ್ಟ್ರೇಲಿಯಾ, ಸಿಂಹಳ ಮತ್ತು ಜಪಾನ್ ತಂಡಗಳೆದುರು ಆಡಿದರು. 1965 ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಸಂದಿತು. 1961 ರಲ್ಲಿ ಆ್ಯನ್ ಲಮ್ಸ್‌ಡೆನ್ ಅವರು ಪಡೆದ ತರುವಾಯ ಈ ಗೌರವಕ್ಕೆ ಪಾತ್ರರಾದ ಎರಡನೆಯ ಹಾಕಿ ಆಟಗಾರ್ತಿ ಇವರು. ಆದರೆ ಪ್ರತಿಭೆಗೆ ತಕ್ಕ ವೇದಿಕೆ? ಮಹಿಳೆಯರ ವಿಶ್ವಕಪ್ ಆರಂಭವಾದುದು 1974 ರಲ್ಲಿ. ಒಲಿಂಪಿಕ್ಸ್‌ನಲ್ಲಿ ಮಹಿಳಾ ಹಾಕಿಗೆ ಎಡೆ ದೊರೆತುದು 1980 ರ ಮಾಸ್ಕೋದಲ್ಲಿ; ಅಲ್ಲಿ ಭಾರತದ ವನಿತೆಯರು ನಾಲ್ಕನೆಯ ಸ್ಥಾನ ಗಳಿಸಿದರು. ಪುರುಷರು 1928 ರಲ್ಲಿಯೇ ಚಿನ್ನ ತಂದಿದ್ದರೆಂಬುದನ್ನು ನೆನೆದರೆ ಈ ವಿಳಂಬವು ಎಷ್ಟೆಂಬುದು ವಿಶದವಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿಯೇ ಶರಣೆಯರಿಗೆ ಸಮಾನ ಪೀಠವಿತ್ತ ನಾಡಿನವರಿಗೆ ಇದು ಇನ್ನಷ್ಟು ಚುಚ್ಚಬೇಕಾದ ಮಾತು.

ಮಂಜುಗಡ್ಡೆಯ ಮೇಲಿನ ಹಾಕಿಯ ಕಥೆಯೂ ಇದಕ್ಕೆ ದೂರವಲ್ಲ. ಲಡಾಖಿನ ಯುವತಿಯರೇ ಹೆಚ್ಚಾಗಿರುವ ಭಾರತದ ತಂಡವು 2016 ರಲ್ಲಷ್ಟೇ ಅಂತರರಾಷ್ಟ್ರೀಯ ಪಂದ್ಯಕ್ಕೆ ಇಳಿಯಿತು. 2025 ರಲ್ಲಿ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು.

ತುಂಗಭದ್ರೆಯ ದಡದ ದಢೇಸುಗೂರು ಸೀಮೆಯಲ್ಲಿ ಭತ್ತದ ಗದ್ದೆಗಳಿಗೆ ಕೊರತೆಯಿಲ್ಲ. ಹಾಕಿಗಾದರೋ ನೂರು ಗಜದಷ್ಟು ಉದ್ದದ, ಅರವತ್ತು ಗಜ ಅಗಲದ ಸಮತಟ್ಟಾದ ಬಯಲು ಬೇಕು. ಜೊತೆಗೆ ಸಂಜೆಯ ಹೊತ್ತು ಹೆಣ್ಣುಮಗುವನ್ನು ಅಂಗಳಕ್ಕೆ ಕಳುಹಿಸುವ ತಾಯಿತಂದೆಯರು ಬೇಕು. ಎರಡನೆಯದೇ ಹೆಚ್ಚು ದುರ್ಲಭ.

ಆಟದಿಂದ ನಿವೃತ್ತರಾದ ಮೇಲೂ ಎಲ್ವೆರಾ ಅವರು ಅಂಗಳವನ್ನು ತೊರೆಯಲಿಲ್ಲ. ರಾಜ್ಯ ಮಹಿಳಾ ಹಾಕಿ ಸಂಸ್ಥೆಯ ಅಧ್ಯಕ್ಷರಾಗಿ ಎಂಟು ವರ್ಷ ದುಡಿದರು. ರಾಷ್ಟ್ರೀಯ ತಂಡದ ಆಯ್ಕೆಗಾರರೂ ಆಗಿದ್ದರು. 2022 ರ ಏಪ್ರಿಲ್ 26 ರಂದು, ತಮ್ಮ 81 ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ನಿಧನರಾದರು.